ಹಳದಿಗೆ ತಿರುಗಿದ ಕೇಪಳ: ಗೋಡೆಯ ಬುಡದಲ್ಲಿ ಎಂಟು ತಿಂಗಳ ದುರಸ್ತಿ

ಗುಡ್ಡದ ಕೇಪಳಕ್ಕೆ ಯಾರೂ ಗೊಬ್ಬರ ಹಾಕುವುದಿಲ್ಲ, ನೀರೆರೆಯುವುದಿಲ್ಲ. ಮುರಕಲ್ಲಿನ ಬಿರುಕಿನಲ್ಲಿ ಬೇರಿಳಿಸಿ, ಮೇ ತಿಂಗಳ ಬಿಸಿಲಿನಲ್ಲೂ ಕಡುಹಸಿರಾಗಿ ನಿಂತು, ಗೊಂಚಲು ಗೊಂಚಲಾಗಿ ಕೆಂಪು ಹೂ ಬಿಡುತ್ತದೆ. ಅಂಥ ಗಿಡ ನಮ್ಮ ಅಂಗಳದಲ್ಲಿ, ಕಳೆದ ವರ್ಷದ ಆಟಿ ತಿಂಗಳ (ಜುಲೈ-ಆಗಸ್ಟ್) ಸುರಿಮಳೆಯಲ್ಲಿ, ಹಳದಿಯಾಗತೊಡಗಿತು.

ಅಂಗಳದ ಅಂಚಿಗೆ ಸಾಲಾಗಿ ಐದು ಗಿಡಗಳಿವೆ. ಅಜ್ಜಿ ಗುಡ್ಡದಿಂದ ಬೇರು ಸಮೇತ ತಂದು ನೆಟ್ಟವು. ಗೇಟಿನ ಪಕ್ಕದ್ದು ಈಗ ಆಳೆತ್ತರ ದಾಟಿದೆ. ನರ್ಸರಿಗಳಲ್ಲಿ ಸಿಗುವ ಗಿಡ್ಡ ತಳಿಗಳೂ ಚಂದವೇ. ದುಂಡು ಎಸಳು, ಹಳದಿ, ಗುಲಾಬಿ, ಬಿಳಿ ಎಂದು ಬಗೆಬಗೆಯ ಬಣ್ಣ. ಆದರೆ ನಮ್ಮದು ಕಾಡಿನ ಕೇಪಳ. ನಾಲ್ಕು ಮೊನಚು ಎಸಳು, ಅದರ ಕೆಳಗೆ ಒಂದೂವರೆ ಇಂಚಿನಷ್ಟು ಸಪೂರ ಕೊಳವೆ. ಚಿಕ್ಕವರಿದ್ದಾಗ ಆ ಕೊಳವೆಯ ತುದಿಯನ್ನು ಚೀಪಿ ಒಂದು ಹನಿ ಸಿಹಿ ಸವಿಯುತ್ತಿದ್ದೆವು. ಒಂದು ಹೂವಿನ ಕೊಳವೆಯನ್ನು ಇನ್ನೊಂದರ ಬಾಯಿಗೆ ಪೋಣಿಸುತ್ತ ಹೋಗಿ, ದಾರವೇ ಇಲ್ಲದ ಬಳೆ ಮಾಡುತ್ತಿದ್ದೆವು. ಹಣ್ಣಾದಾಗ ನಮಗೂ ಪಿಕಳಾರಗಳಿಗೂ ಪೈಪೋಟಿ.

ಗೋಡೆಯ ಕಥೆ ಹಿಂದಿನ ಡಿಸೆಂಬರಿನದು. ರಸ್ತೆ ಅಗಲವಾದಾಗ ಬೇಲಿಯ ಹಿಂದೆ ಕಾಂಪೌಂಡ್ ಕಟ್ಟಿಸಬೇಕಾಯಿತು. ಮುರಕಲ್ಲಿನ ಗೋಡೆ, ಮೇಲೆ ಸಿಮೆಂಟ್ ಗಾರೆ, ಅದರ ಮೇಲೆ ಸುಣ್ಣ. ಗಿಡಗಳಿಗೆ ಪೆಟ್ಟಾಗದಂತೆ ಕೆಲಸದವರು ಎಚ್ಚರ ವಹಿಸಿದ್ದರು. ಒಂದು ಕೊಂಬೆಯೂ ಮುರಿದಿರಲಿಲ್ಲ. ಹಾಗಾಗಿ ಆಗಸ್ಟಿನಲ್ಲಿ ಎಲೆಯ ಬಣ್ಣ ಕೆಟ್ಟಾಗ ಗೋಡೆಯ ಕಡೆಗೆ ನನ್ನ ಲಕ್ಷ್ಯವೇ ಹೋಗಲಿಲ್ಲ. ಮಳೆಗೆ ಸತ್ವ ತೊಳೆದುಹೋಗಿದೆ ಎಂದುಕೊಂಡು ಬುಡಕ್ಕೆ ಹಟ್ಟಿಗೊಬ್ಬರ ಹಾಕಿದೆ, ಮೇಲೊಂದು ಹೆಡಿಗೆ ಒಲೆಯ ಬೂದಿ ಸುರಿದೆ. ಗೊಬ್ಬರದಿಂದ ತೊಂದರೆಯಿರಲಿಲ್ಲ. ಬೂದಿ ದೊಡ್ಡ ತಪ್ಪಾಗಿತ್ತು. ಸೆಪ್ಟೆಂಬರಿನ ಕೊನೆಗೆ ಮೂರು ಗಿಡಗಳ ಕುಡಿಗಳು ಬೆಣ್ಣೆಯ ಬಣ್ಣಕ್ಕೆ ಬಂದವು.

ಆಗಲೇ ಎಲೆಯನ್ನು ಕೈಯಲ್ಲಿ ಹಿಡಿದು ಸರಿಯಾಗಿ ನೋಡಿದ್ದು. ಹಳದಿಯಾದದ್ದು ಎಳೆಯ ಎಲೆಗಳು ಮಾತ್ರ. ಕೆಳಗಿನ ಹಳೆಯ ಎಲೆಗಳು ಮೊದಲಿನಂತೆಯೇ ದಪ್ಪಗೆ, ಹೊಳಪಾಗಿ, ಹಸಿರಾಗಿದ್ದವು. ಎಳೆಯ ಎಲೆಯನ್ನು ಬೆಳಕಿಗೆ ಹಿಡಿದರೆ ನಡುನರ, ಅಡ್ಡನರ, ಅವುಗಳ ನಡುವಿನ ಕೂದಲಿನಂಥ ಕಿರುನರ ಎಲ್ಲವೂ ಹಸಿರು. ನರಗಳ ನಡುವಿನ ಜಾಗ ಮಾತ್ರ ಬಿಳಿಚಿದ ಹಳದಿ. ಹಳದಿ ಬಟ್ಟೆಯ ಮೇಲೆ ಹಸಿರು ದಾರದಲ್ಲಿ ಬಲೆ ಹೆಣೆದಂತೆ. ಸಾರಜನಕ ಕಡಿಮೆಯಾದರೆ ಗಿಡವು ಹಳೆಯ ಎಲೆಯಿಂದ ಸತ್ವವನ್ನು ಎಳೆದು ಹೊಸದಕ್ಕೆ ಕೊಡುತ್ತದೆ; ಆಗ ಮೊದಲು ಹಳದಿಯಾಗುವುದು ಕೆಳಗಿನ ಎಲೆ. ಕಬ್ಬಿಣ ಹಾಗಲ್ಲ. ಒಮ್ಮೆ ಒಂದು ಎಲೆಯಲ್ಲಿ ಸೇರಿದ್ದು ಅಲ್ಲೇ ಉಳಿಯುತ್ತದೆ. ಬೇರಿನಿಂದ ಹೊಸದಾಗಿ ಬಾರದಿದ್ದರೆ ಕುಡಿ ಬಿಳಿಚುತ್ತದೆ. ನನ್ನ ಕೈಯಲ್ಲಿದ್ದದ್ದು ಕಬ್ಬಿಣದ ಕೊರತೆಯ ಎಲೆ.

ನಂಬುವುದು ಕಷ್ಟವಾಯಿತು. ನಮ್ಮ ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ. ಈ ಗಿಡವೂ ಆ ಕೆಂಪಿನದೇ ಕೂಸು. ಕನ್ನಡದಲ್ಲಿ ಇದಕ್ಕೆ ಕಿಸುಕಾರೆ ಎಂಬ ಹೆಸರೂ ಇದೆ, ಪಟ್ಟದಕಲ್ಲನ್ನು ಹಿಂದೆ ಕಿಸುವೊಳಲ್ ಎಂದು ಕರೆದದ್ದು ಕೆಂಪು ಎಂಬ ಅರ್ಥದ ಇದೇ ಕಿಸುವಿನಿಂದ. ಇಂಥ ಮಣ್ಣಿನಲ್ಲಿ ನಿಂತು ಕೇಪಳ ಕಬ್ಬಿಣಕ್ಕಾಗಿ ಹಸಿಯುವುದು ಹೇಗೆ?

ಗಿಡಗಳ ನಡುವೆ ನಡೆದಾಗ ಉತ್ತರ ಕಣ್ಣಿಗೇ ಬಿತ್ತು. ಗೋಡೆಗೆ ಎರಡಡಿ ಹತ್ತಿರ ಇರುವ ಮೂರು ಗಿಡಗಳು ತೀರಾ ಹಳದಿ. ಸಾಲು ಸ್ವಲ್ಪ ಓರೆಯಾಗಿರುವುದರಿಂದ ನಾಲ್ಕನೆಯದು ನಾಲ್ಕೂವರೆ ಅಡಿ ದೂರ. ಅದರಲ್ಲಿ ಕೆಲವು ಕುಡಿ ಮಾತ್ರ ಮಾಸಲು. ತುಳಸಿಕಟ್ಟೆಯ ಪಕ್ಕದ ಐದನೆಯದು ಎಂಟಡಿ ದೂರದಲ್ಲಿ, ಸೊಂಪಾಗಿತ್ತು. ಗೋಡೆಯ ಬುಡದಿಂದ ಒಂದು ಚಮಚ ಮಣ್ಣು ತೆಗೆದು ಒಣಗಿಸಿ, ಬಟ್ಟಲಿನಲ್ಲಿಟ್ಟು ವಿನೆಗರ್ ಹನಿಸಿದೆ. ಸೊರ್ ಎಂದು ನೊರೆ ಎದ್ದಿತು, ಮಣ್ಣಿನಲ್ಲಿ ಸುಣ್ಣ ಸೇರಿದೆ ಎಂದು ಅರ್ಥ. ಕಿವಿಯ ಹತ್ತಿರ ಹಿಡಿದರೆ ಸದ್ದು ಕೇಳುತ್ತಿತ್ತು. ಗುಡ್ಡದ ಮಣ್ಣಿಗೆ ಅದೇ ವಿನೆಗರ್ ಹಾಕಿದರೆ ಒದ್ದೆಯಾಯಿತು, ಅಷ್ಟೇ. ಹುಳಿ-ಕ್ಷಾರ ಅಳೆಯುವ ಪಿಎಚ್ ಪಟ್ಟಿಯಲ್ಲಿ (7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಗೋಡೆಯ ಬುಡದ ಮಣ್ಣು 8ರ ಬಣ್ಣ ತೋರಿಸಿತು, ಗುಡ್ಡದ್ದು 5.5.

ಸಿಮೆಂಟ್ ನೀರು ಕುಡಿದು ಗಟ್ಟಿಯಾಗುವಾಗ ಅದರೊಳಗೆ ಸುಣ್ಣ ಹುಟ್ಟುತ್ತದೆ. ಗೋಡೆಯ ಮೇಲೆ ಬಳಿದ ಸುಣ್ಣ ಬೇರೆ. ನಾಲ್ಕು ತಿಂಗಳ ಮಳೆ ಅದನ್ನು ತೊಳೆದು ನೇರ ಬೇರಿಗೆ ಇಳಿಸಿತ್ತು. ಮಣ್ಣಿನ ಪಿಎಚ್ ಒಂದು ಅಂಕ ಏರಿದರೆ ನೀರಿನಲ್ಲಿ ಕರಗಿರಬಲ್ಲ ಫೆರಿಕ್ ಕಬ್ಬಿಣ (ತುಕ್ಕಿನಲ್ಲಿರುವ ಬಗೆಯದು) ಸುಮಾರು 1000 ಪಟ್ಟು ಕಡಿಮೆಯಾಗುತ್ತದೆ. ಕಬ್ಬಿಣ ಮಣ್ಣಿನಲ್ಲೇ ಇತ್ತು, ಬೀಗ ಹಾಕಿದ ಪತ್ತಾಯದ ಭತ್ತದ ಹಾಗೆ. ಬೂದಿಯೂ ಕ್ಷಾರವೇ ಆದ್ದರಿಂದ ಆ ಬೀಗಕ್ಕೆ ಇನ್ನೊಂದು ಬೀಗ ಹಾಕಿದವನು ನಾನು. ಈ ಮೂರು ಗಿಡಗಳಿಗೆ ನಾನೇ ಹೊಣೆ ಎಂದು ಅಂದು ಸಂಜೆ ತೀರ್ಮಾನಿಸಿ ಕೆಲಸಕ್ಕಿಳಿದೆ.

ಮೊದಲು ಮಾಡಿದ್ದು ಸಸಿ. ಗಿಡ ಸತ್ತರೂ ಅಜ್ಜಿಯ ತಳಿ ಉಳಿಯಬೇಕಲ್ಲ. ಅಕ್ಟೋಬರ್ ಮೊದಲ ವಾರ, ಗಾಳಿಯಲ್ಲಿ ಇನ್ನೂ ತೇವವಿದ್ದಾಗ, ಆರೋಗ್ಯವಾಗಿದ್ದ ಕೊಂಬೆಗಳಿಂದ ಹನ್ನೆರಡು ತುಂಡು ಕತ್ತರಿಸಿದೆ. ತೀರಾ ಎಳೆಯದಲ್ಲ, ತೀರಾ ಬಲಿತದ್ದೂ ಅಲ್ಲ; ಬಗ್ಗಿಸಿದರೆ ಬಾಗಬೇಕು, ಜೋರು ಮಾಡಿದರೆ ಲಟಕ್ಕೆನ್ನಬೇಕು. ಐದು ಇಂಚು ಉದ್ದ, ಗಿಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ, ತುದಿಯಲ್ಲಿ ಎರಡು ಎಲೆ ಮಾತ್ರ ಬಿಟ್ಟು, ಅವನ್ನೂ ಅರ್ಧಕ್ಕೆ ಕತ್ತರಿಸಿ, ಹೊಳೆಮರಳು ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣದಲ್ಲಿ ಊರಿದೆ. ಮೇಲೆ ಪ್ಲಾಸ್ಟಿಕ್ ಹೊದಿಕೆ, ಇಟ್ಟದ್ದು ಬಾವಿಕಟ್ಟೆಯ ನೆರಳಿನಲ್ಲಿ. ಡಿಸೆಂಬರ್ ಮಧ್ಯದ ಹೊತ್ತಿಗೆ ಏಳು ಬೇರು ಬಿಟ್ಟಿದ್ದವು, ಐದು ಕೊಳೆತಿದ್ದವು. ಆ ಏಳು ಕೈಯಲ್ಲಿವೆ ಎಂಬುದೇ ಮುಂದಿನ ಕೆಲಸಕ್ಕೆಲ್ಲ ಧೈರ್ಯ ಕೊಟ್ಟಿತು.

ಅಕ್ಟೋಬರ್ ಕೊನೆಯಲ್ಲಿ ಅಗೆತ. ಗೋಡೆಗೂ ಗಿಡಗಳಿಗೂ ನಡುವೆ ಒಂದಡಿ ಅಗಲ, ಒಂದೂವರೆ ಅಡಿ ಆಳ, ಇಪ್ಪತ್ತೆಂಟು ಅಡಿ ಉದ್ದದ ಅಗಳು. ಪಿಕ್ಕಾಸು ಮುಟ್ಟಲೇ ಇಲ್ಲ; ಕೇಪಳದ ಆಹಾರದ ಬೇರುಗಳು ಕೂದಲಿನಷ್ಟು ಸಪೂರ, ಮೇಲುಮಣ್ಣಿನಲ್ಲೇ ಹರಡಿರುತ್ತವೆ. ಚಿಕ್ಕ ಕೈಹಾರೆಯಲ್ಲಿ ಗೋಡೆಯ ಕಡೆಯಿಂದ ಗಿಡದ ಕಡೆಗೆ ಬಂದೆ. ಅರ್ಧ ಅಡಿ ಇಳಿಯುವುದರೊಳಗೆ ಗಟ್ಟಿ ಗಾರೆಯ ಪದರ ಸಿಕ್ಕಿತು. ಗಾರೆ ಮಾಡುವಾಗ ಉದುರಿದ್ದು, ಕೊನೆಗೆ ಬಾಣಲೆ ತೊಳೆದ ನೀರು, ಸಿಮೆಂಟ್ ಚೀಲದ ಹರಕುಗಳು, ಮೇಲೆ ಅಂದವಾಗಿ ಹರಡಿದ ಮಣ್ಣು. ಒಂದು ಹೆಂಟೆಯನ್ನು ಬಿಡಿಸಿದಾಗ ಅದರ ಸುತ್ತ ಬೇರುಗಳು ಕಂದಾಗಿ, ತುದಿ ಮೊಂಡಾಗಿ, ಬಂದ ದಾರಿಗೇ ತಿರುಗಿಕೊಂಡಿದ್ದವು. ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದೆ. ಹನ್ನೊಂದು ಹೆಡಿಗೆ ಕಸ ಹೊರಗೆ ಹೋಯಿತು.

ಅಗಳಿನ ಗೋಡೆ ಬದಿಗೆ ಹಳೆಯ ಟಾರ್ಪಾಲನ್ನು ನಿಲ್ಲಿಸಿ ತಡೆ ಮಾಡಿದೆ. ಅಗಳನ್ನು ತುಂಬಿಸಿದ್ದು ಗುಡ್ಡದ ಮಣ್ಣಿನಿಂದ: ಮೂರು ಹೆಡಿಗೆ ಕೆಂಪು ಮಣ್ಣಿಗೆ ಒಂದು ಹೆಡಿಗೆ ಕೊಳೆತ ತರಗೆಲೆ, ಪ್ರತಿ ಗಿಡದ ಭಾಗಕ್ಕೆ 100 ಗ್ರಾಂ ಗಂಧಕದ ಪುಡಿ. ಗಂಧಕ ತಾನಾಗಿ ಹುಳಿಯಲ್ಲ. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನಿಧಾನವಾಗಿ ಆಮ್ಲವಾಗಿಸಬೇಕು, ಅದಕ್ಕೆ ತಿಂಗಳುಗಳೇ ಬೇಕು. ಕೊನೆಗೆ ಗೋಡೆಯ ಬುಡಕ್ಕೆ ಒತ್ತಿ ಅಡಿಕೆಮರದ ದಂಬೆ ಇಟ್ಟೆ. ಸೀಳಿದ ಮರದ ತಿರುಳು ಕೆತ್ತಿ, ಗೇಟಿನ ಕಡೆಗೆ ನಾಲ್ಕು ಇಂಚು ಇಳಿಜಾರು ಕೊಟ್ಟದ್ದರಿಂದ ಗೋಡೆ ತೊಳೆದ ನೀರು ಈಗ ಗಿಡಕ್ಕೆ ಬಾರದೆ ಚರಂಡಿಗೆ ಹೋಗುತ್ತದೆ. ಸಿಮೆಂಟಿನ ಕಾಲುವೆ ಮಾಡಿಸು ಎಂದು ಸಲಹೆ ಕೊಟ್ಟವರಿದ್ದರು. ಕಾಯಿಲೆಯನ್ನೇ ಔಷಧಿಯಾಗಿ ಕೊಡುವುದಕ್ಕೆ ನನಗೆ ಮನಸ್ಸಾಗಲಿಲ್ಲ.

ಮಣ್ಣು ಸರಿಯಾಗುವವರೆಗೆ ಎಲೆಗಳಿಗೆ ಊಟ ಬೇಕಿತ್ತು. ಅದಕ್ಕೆ ಅನ್ನಭೇದಿ. ಹೆಸರು ಕೇಳಿ ಮರೆತವರಿಗೆ ಹೇಳುವುದಾದರೆ, ಮೈಲುತುತ್ತು ತಾಮ್ರದ ಸಲ್ಫೇಟ್ ಆದರೆ ಅನ್ನಭೇದಿ ಕಬ್ಬಿಣದ ಸಲ್ಫೇಟ್. ಹರಳು ತಿಳಿಹಸಿರಾಗಿರಬೇಕು, ಕಂದು ಪುಡಿಯಾಗಿದ್ದರೆ ಅದು ಗಾಳಿಗೆ ತುಕ್ಕು ಹಿಡಿದು ಕೆಟ್ಟಿದೆ ಎಂದೇ ಅರ್ಥ. ಒಂದು ಲೀಟರ್ ನೀರಿಗೆ 5 ಗ್ರಾಂ, ಜೊತೆಗೆ ಅರ್ಧ ಲಿಂಬೆಹಣ್ಣಿನ ರಸ. ಹುಳಿ ಇದ್ದರೆ ಕಬ್ಬಿಣ ಕರಗಿದ ರೂಪದಲ್ಲೇ ಇನ್ನಷ್ಟು ಹೊತ್ತು ಉಳಿಯುತ್ತದೆ. ಅಡಿಕೆ ತೋಟ ಇರುವವರು ಇಲ್ಲಿ ಒಂದು ಎಚ್ಚರಿಕೆ ವಹಿಸಬೇಕು. ಕೊಳೆರೋಗಕ್ಕೆ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಬಿಟ್ಟ ಪಂಪನ್ನು ಹಾಗೆಯೇ ಬಳಸಿದರೆ ಅದರಲ್ಲಿ ಉಳಿದ ಸುಣ್ಣಕ್ಕೆ ಅನ್ನಭೇದಿ ಒಡೆದು ಕೆಸರಾಗುತ್ತದೆ. ನಾನು ಹೊಸ ಕೈಪಂಪನ್ನೇ ತಂದೆ. ತುಳಸಿಕಟ್ಟೆಗೆ ಗೋಣಿ ಮುಚ್ಚಿದೆ, ಏಕೆಂದರೆ ಕಲ್ಲಿಗೆ ತಾಗಿದರೆ ತುಕ್ಕಿನ ಕಲೆ ಬಿಡುವುದಿಲ್ಲ.

ನವೆಂಬರ್ ಮೊದಲ ವಾರದ ಒಂದು ಸಂಜೆ, ಬಿಸಿಲು ಇಳಿದ ಮೇಲೆ, ಒಂದೇ ಕೊಂಬೆಗೆ ಸಿಂಪಡಿಸಿ ಕಾದೆ. ಒಂಬತ್ತನೆಯ ದಿನ ಬೆಳಿಗ್ಗೆ ಕಂಡದ್ದನ್ನು ಮರೆಯಲಾರೆ. ಹಳದಿ ಎಲೆಯ ಮೇಲೆ ಸಾಸಿವೆ ಗಾತ್ರದ ಹಸಿರು ಚುಕ್ಕೆಗಳು. ಹನಿ ಕೂತಲ್ಲೆಲ್ಲ ಹಸಿರು, ಕೂರದಲ್ಲಿ ಹಳದಿ. ಎಲೆಯ ತುದಿಯಲ್ಲಿ ನೀರು ಇಳಿದು ನಿಂತ ಕಡೆ ಹಸಿರಿನ ಒಂದು ದಪ್ಪ ಅಂಚು. ಪರೀಕ್ಷೆಗೆ ಇದಕ್ಕಿಂತ ಸ್ಪಷ್ಟ ಫಲಿತಾಂಶ ಬೇಕಿರಲಿಲ್ಲ. ಅಂದು ಸಂಜೆಯೇ ಎಲ್ಲ ಗಿಡಗಳಿಗೆ, ಎಲೆಯ ಅಡಿಭಾಗವೂ ತೋಯುವಂತೆ ಹೊಡೆದೆ. ಹದಿನೈದು ದಿನಕ್ಕೊಮ್ಮೆಯಂತೆ ಒಟ್ಟು ನಾಲ್ಕು ಸಲ. ಇದು ಹಸಿದವನಿಗೆ ಕೊಟ್ಟ ಗಂಜಿ ಮಾತ್ರ. ಬುಡ ಸರಿಮಾಡದೆ ಬರಿಯ ಸಿಂಪಡಣೆ ಮಾಡಿದ್ದರೆ ಮುಂದಿನ ಕುಡಿ ಮತ್ತೆ ಹಳದಿಯಾಗಿಯೇ ಬರುತ್ತಿತ್ತು.

ನಡುವೆ ಸಣ್ಣಪುಟ್ಟ ಕೆಲಸಗಳೂ ಆದವು. ಸೊರಗಿದ ಕೊಂಬೆಗಳ ಕೆಳಗೆ ರಸ ಹೀರುವ ಶಲ್ಕ ಕೀಟ ಕೂತಿತ್ತು, ಅದು ಒಸರುವ ಸಿಹಿಗೆ ಇರುವೆ, ಆ ಸಿಹಿಯ ಮೇಲೆ ಕಪ್ಪು ಬೂಷ್ಟು. ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಸಾಬೂನು ನೀರಿನಿಂದ ಉಜ್ಜಿ ತೆಗೆದೆ. ಕತ್ತರಿ ಹಾಕಿದ್ದು ಬಹಳ ಕಡಿಮೆ. ಕೇಪಳ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ ಬೇಲಿಯನ್ನು ಚೌಕವಾಗಿ ಕತ್ತರಿಸಿದರೆ ಹೂವನ್ನೇ ಕತ್ತರಿಸಿದಂತೆ.

ಜನವರಿಯಲ್ಲಿ ಬಂದ ಚಿಗುರು ಮೊದಲು ತಾಮ್ರದ ಬಣ್ಣ, ಆಮೇಲೆ ಎಳೆಹಸಿರು, ಆಮೇಲೆ ಕಡುಹಸಿರು. ಹಿಂದಿನ ಹಳದಿ ಎಲೆಗಳು ಪೂರ್ತಿ ಸರಿಯಾಗಲಿಲ್ಲ, ಚುಕ್ಕೆಚುಕ್ಕೆಯಾಗಿಯೇ ಉದುರಿದವು. ಫೆಬ್ರವರಿ ಕೊನೆಗೆ ಗೇಟಿನ ಗಿಡದಲ್ಲಿ ಎಣಿಸಿದರೆ ನಲವತ್ತು ದಾಟಿದ ಗೊಂಚಲು. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಒಂದು ಬೆಳಿಗ್ಗೆ ಬಂದು, ಕಪ್ಪು ರೆಕ್ಕೆ ಬಡಿಯುತ್ತಲೇ ಗೊಂಚಲಿನಿಂದ ಗೊಂಚಲಿಗೆ ಹೋಯಿತು. ಆ ಸಪೂರ ಕೊಳವೆಯ ತಳದ ಮಕರಂದಕ್ಕೆ ಎಟುಕುವುದು ಚಿಟ್ಟೆಯ ಉದ್ದ ನಾಲಿಗೆಯಂಥದ್ದಕ್ಕೇ.

ಹೂ ಬಂದ ಮೇಲೆ ಅಜ್ಜಿಯ ಎಣ್ಣೆಯನ್ನು ನಾನೇ ಕಾಯಿಸಬೇಕೆಂದು ನಿಶ್ಚಯಿಸಿದೆ. ತಲೆಹೊಟ್ಟಿಗೆ, ಮಕ್ಕಳ ಮೈಯ ಕೆರೆತಕ್ಕೆ ಕೇಪಳದ ಹೂವಿನ ಎಣ್ಣೆ ಹಚ್ಚುವುದು ಕರಾವಳಿಯಲ್ಲಿ ರೂಢಿ. ಇದನ್ನು ಚೆತ್ತಿ ಎನ್ನುವ ಕೇರಳದಲ್ಲಿಯೂ ಹೌದು. ಅಜ್ಜಿ ಅಳತೆ ಬರೆದಿಡಲಿಲ್ಲ. ಆಯುರ್ವೇದದ ತೈಲಪಾಕದ ಲೆಕ್ಕ ಹಿಡಿದೆ: ಅರೆದ ಮುದ್ದೆ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ದ್ರವ ಹದಿನಾರು ಪಾಲು. ಗೊಂಚಲುಗಳನ್ನು ಬಿಡಿಸಿ, ಕೊಡವಿ ಇರುವೆ ತೆಗೆದು, ತೊಳೆದು, 60 ಗ್ರಾಂ ಹೂವನ್ನು ನುಣ್ಣಗೆ ಅರೆದೆ. ಉಳಿದ ಹೂವನ್ನು ಕುದಿಸಿ ಸೋಸಿದಾಗ ನೀರು ಮಸುಕು ಕೆಂಪಿಗೆ ತಿರುಗಿತು. 240 ಮಿಲಿಲೀಟರ್ ತೆಂಗಿನೆಣ್ಣೆ, ಈ ಕಷಾಯ ಸುಮಾರು ಒಂದು ಲೀಟರ್, ಅರೆದ ಮುದ್ದೆ, ಎಲ್ಲವನ್ನೂ ದಪ್ಪ ತಳದ ಉರುಳಿಗೆ ಹಾಕಿ ಸಣ್ಣ ಉರಿಯಲ್ಲಿಟ್ಟೆ.

ಎರಡೂವರೆ ಗಂಟೆ ಸೌಟು ಬಿಡಲಿಲ್ಲ. ಮೊದಲು ಕೊತಕೊತ ಸದ್ದು, ನೀರು ಇಂಗುತ್ತ ಬಂದ ಹಾಗೆ ಚಿಟಿಚಿಟಿ, ಆಮೇಲೆ ಮೌನ. ಆ ಮೌನವನ್ನೇ ನಂಬಬಾರದು. ತಳದ ಮುದ್ದೆಯನ್ನು ಚಿಟಿಕೆಯಷ್ಟು ತೆಗೆದು, ಬೆರಳಲ್ಲಿ ಹೊಸೆದು ಬತ್ತಿ ಮಾಡಿ ದೀಪಕ್ಕೆ ಹಿಡಿದೆ. ಮೊದಲ ಸಲ ಚಟಚಟ ಸಿಡಿಯಿತು, ನೀರು ಇನ್ನೂ ಇದೆ ಎಂದು ಅರ್ಥ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಸದ್ದಿಲ್ಲದೆ ಉರಿಯಿತು, ಎಣ್ಣೆಯ ಮೇಲೆ ನೊರೆಯೂ ಎದ್ದಿತ್ತು. ಇಳಿಸಿ, ಬಿಸಿಯಿರುವಾಗಲೇ ಮಸ್ಲಿನ್ ಬಟ್ಟೆಯಲ್ಲಿ ಸೋಸಿದೆ. ನೀರಿನಂಶ ಉಳಿದ ಎಣ್ಣೆ ಬೇಗ ಕಮಟುತ್ತದೆ. ಮಾರ್ಚ್ ಒಂದರಂದು ಕಾಯಿಸಿದ್ದು ಈಗ ಮೇ ಕೊನೆಗೂ ಒಳ್ಳೆಯ ವಾಸನೆಯಲ್ಲಿದೆ. ಮೊದಲ ಸಲ ಹಚ್ಚುವವರು ಮಣಿಕಟ್ಟಿನ ಒಳಬದಿಗೆ ಒಂದು ಹನಿ ಹಚ್ಚಿ ಒಂದು ದಿನ ನೋಡುವುದು ಒಳ್ಳೆಯದು, ಎಳೆಮಕ್ಕಳಿಗಾದರೆ ವೈದ್ಯರನ್ನು ಕೇಳಿಯೇ ಹಚ್ಚಬೇಕು.

ಹೊಟ್ಟೆಗೂ ಕೇಪಳ ಆಗುತ್ತದೆ. ಬೇಸಿಗೆಯ ಮಧ್ಯಾಹ್ನಕ್ಕೆ ತಂಬುಳಿ: ಒಂದು ಹಿಡಿ ಹೂ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಡನೆ ಅರೆದು, ಮಜ್ಜಿಗೆ ಬೆರೆಸಿ ಒಗ್ಗರಣೆ ಕೊಟ್ಟರೆ ಆಯಿತು. ಹೂ ಸ್ವಲ್ಪ ಒಗರು, ಮಜ್ಜಿಗೆಗೆ ಅದು ಚೆನ್ನಾಗಿ ಹೊಂದುತ್ತದೆ. ಹೊಟ್ಟೆ ಕೆಟ್ಟಾಗ ಅಜ್ಜಿ ಮಾಡುತ್ತಿದ್ದದ್ದು ಇದನ್ನೇ. ಭೇದಿಗೆ ಬೇರಿನ ಕಷಾಯ ಕೊಡುವ ಪದ್ಧತಿಯೂ ಇದೆ. ನಾನು ಬೇರು ಕೀಳುವುದಿಲ್ಲ. ಆ ಬೇರುಗಳನ್ನು ಕಂಡಿದ್ದೇನೆ. ಭೇದಿ ಜೋರಾದರೆ ಆಸ್ಪತ್ರೆ ಇದೆ.

ಏಪ್ರಿಲಿನಲ್ಲಿ ನಮ್ಮ ಮನೆಯ ದೈವಗಳಿಗೆ ತಂಬಿಲದ ಸೇವೆ. ತುಳುನಾಡಿನಲ್ಲಿ ದೈವಕ್ಕೆ ಪಿಂಗಾರದ (ಅಡಿಕೆಯ ಹೂಗೊನೆಯ) ಜೊತೆ ಕೇಪುಳ ಇರಲೇಬೇಕು. ಹಿಂದಿನ ವರ್ಷಗಳಲ್ಲಿ ಅಂಗಳದ ಹೂವೇ ಸಾಕಾಗಿ ಮಿಗುತ್ತಿತ್ತು. ಈ ಸಲ ಅಮ್ಮ ಮುಂಚಿತವಾಗಿ ನೆರೆಮನೆಗೆ ಹೇಳಿಟ್ಟಿದ್ದರು. ಬೆಳಿಗ್ಗೆ ಬುಟ್ಟಿ ಹಿಡಿದು ಹೊರಟವರು, ಐದನೆಯ ಗಿಡ ಮುಟ್ಟುವ ಮೊದಲೇ ತುಂಬಿದ ಬುಟ್ಟಿಯೊಂದಿಗೆ ತಿರುಗಿ ಬಂದರು. ನೆರೆಮನೆಯವರಿಗೆ ಬೇಡವೆಂದು ಫೋನ್ ಮಾಡಿ, ಉಳಿದ ಗೊಂಚಲು ಕೊಯ್ಯಬೇಡ, ಚಿಟ್ಟೆಗಿರಲಿ ಎಂದರು.

ಮೇ ಕೊನೆಯ ಪತ್ತನಾಜೆಯ ಮರುದಿನ, ಮೊದಲ ಎರಡು ಮಳೆ ಬಿದ್ದ ಮೇಲೆ, ಮತ್ತೆ ಪಿಎಚ್ ಪಟ್ಟಿ ಅದ್ದಿದೆ. ಹೊಸ ಮಣ್ಣು 6, ಟಾರ್ಪಾಲಿನ ಆಚೆ ಗೋಡೆಗೆ ತಾಗಿದ ಮಣ್ಣು ಇನ್ನೂ 7.5. ದಂಬೆಯ ಒಂದು ಸೇರುವೆಯಲ್ಲಿ ನೀರು ಸೋರುತ್ತಿತ್ತು, ಅಲ್ಲಿಗೆ ಅಡಿಕೆ ಹಾಳೆಯ ತುಂಡು ಸಿಕ್ಕಿಸಿ ಬಿಗಿದಿದ್ದೇನೆ. ಏಳು ಸಸಿಗಳಲ್ಲಿ ಎರಡನ್ನು ನೆರೆಮನೆಗೆ ಕೊಟ್ಟೆ, ಮೂರನ್ನು ಗೋಡೆಯಿಂದ ದೂರ ಬಾವಿಯ ಬದಿಗೆ ನೆಟ್ಟೆ. ಎರಡು ಇನ್ನೂ ಚಟ್ಟಿಯಲ್ಲಿವೆ. ದೀಪಾವಳಿಗೆ ಮುಂಚೆ ಗೋಡೆಗೆ ಸುಣ್ಣ ಬಳಿಯುವವರು ಬರುತ್ತಾರೆ. ಕೆಳಗಿನ ಎರಡಡಿಗೆ ಬಳಿಯುವುದು ಬೇಡವೆಂದು ಹೇಳಿಟ್ಟಿದ್ದೇನೆ, ಬುಡಕ್ಕೆ ಹಾಸಲು ಗೋಣಿಗಳನ್ನು ಒಗೆದು ಒಣಗಿಸಿದ್ದೇನೆ.